ಪೆನ್ಸಿಲ್ಲಿನಲ್ಲಿ ಬರೆದ ಹಕ್ಕಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದ ಆ ಏಳೆಂಟು ಜನರನ್ನು ಊರಿನವರು ಹಕ್ಕಿ ಹುಚ್ಚರು ಎಂದೇ ಕರೆಯುತ್ತಿದ್ದರು. ಕರೆಯಲಿ ಬಿಡಿ. ಊರೆಂದ ಮೇಲೆ ಯಾರನ್ನಾದರೂ ಏನಾದರೂ ಅನ್ನದೆ ಇರುತ್ತದೆಯೇ? ಮೈದಾ ಮೂಟೆಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಒಂದು ಉದ್ದನೆಯ ಮೇಜು ಹಾಕಿರುತ್ತಿದ್ದರು. ಮೇಜಿನ ಮೇಲೆ ದಪ್ಪ ರಟ್ಟಿನ ಒಂದು ಪುಸ್ತಕ. ವಸಂತ ಕಾಲಿಟ್ಟ ದಿನದಿಂದ ಮುಗಿಯುವ ತನಕ, ಯಾರು ಎಲ್ಲಿ ಯಾವ ಹಕ್ಕಿ ಕಂಡರು ಎಂಬುದೆಲ್ಲ ಆ ಪುಸ್ತಕಕ್ಕೆ ಹೋಗಬೇಕು. ಮೂವತ್ತೊಂದು ವಸಂತಗಳು ಅದರೊಳಗೆ ತೆಪ್ಪಗೆ ಮಲಗಿದ್ದವು.

ಪುಸ್ತಕಕ್ಕೊಂದು ಕಟ್ಟಳೆ ಇತ್ತು. ಒಬ್ಬರೇ ನೋಡಿದ ಹಕ್ಕಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಇನ್ನೊಬ್ಬರು ಅದನ್ನೇ ನೋಡಿದರೆ ಆಗ ಶಾಯಿ ಬೀಳುತ್ತದೆ. ಮುಂದಿನ ವಸಂತ ಮುಗಿಯುವುದರೊಳಗೆ ಎರಡನೆಯ ಜೊತೆ ಕಣ್ಣು ಸಿಗದಿದ್ದರೆ ರಬ್ಬರಿನಿಂದ ಉಜ್ಜಿ ಅಳಿಸಬೇಕು. ಮರಕುಟಿಗ, ಮಿಂಚುಳ್ಳಿ ಮುಂತಾದವಕ್ಕೆ ಒಂದೇ ವಾರದಲ್ಲಿ ಶಾಯಿ ಬಿದ್ದುಬಿಡುತ್ತಿತ್ತು. ಫಜೀತಿಯೆಲ್ಲ ಅಪರೂಪದ ಹಕ್ಕಿಗಳದ್ದು.

ಈ ಕಟ್ಟಳೆ ಮಾಡಿದವರು ತಕ್ಕಡಿ ಸಾಹೇಬರು. ಅಂಗಡಿಗಳ ತೂಕ, ಅಳತೆ ಪರೀಕ್ಷೆ ಮಾಡುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಮನುಷ್ಯ. ಅವರ ಸೈಕಲ್ಲು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಈ ತುದಿಯ ಅಂಗಡಿಯವರು ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. ಮನೆಯಲ್ಲಾದರೂ ಸುಮ್ಮನಿದ್ದರೇ? ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಹೆಂಡತಿಯ ಅಳತೆ ಟೇಪನ್ನೂ ವರ್ಷಕ್ಕೊಮ್ಮೆ ಉಕ್ಕಿನ ಸ್ಕೇಲಿಗೆ ಹಿಡಿದು ನೋಡುತ್ತಿದ್ದರು. "ಎಳೆದೂ ಎಳೆದೂ ಉದ್ದ ಆಗಿರುತ್ತೆ ಕಣೇ, ಟೇಪೂ ಸುಳ್ಳು ಹೇಳುತ್ತೆ" ಎನ್ನುತ್ತಿದ್ದರು. ಹೆಂಡತಿಯನ್ನು ಊರೆಲ್ಲ ಟೈಲರಮ್ಮ ಎನ್ನುತ್ತಿತ್ತು. ಗಂಡ ತೀರಿಹೋದ ಮೇಲೂ ಆಕೆ ಆ ಟೇಪನ್ನು ಸ್ಕೇಲಿಗೆ ಹಿಡಿಯದೆ ಬಳಸಿದವಳಲ್ಲ.

ಹಾಗಿದ್ದವಳು ಒಂದು ಸುಳ್ಳು ಹೇಳಿದ್ದಳು. ಆ ಸುಳ್ಳು ಪುಸ್ತಕದ ಮೂವತ್ತೊಂದನೆಯ ವಸಂತದಲ್ಲಿ, ಪೆನ್ಸಿಲ್ಲಿನಲ್ಲಿ, ಇನ್ನೂ ಇತ್ತು.

ಸ್ವಲ್ಪ ಹಿಂದಿನಿಂದ ಹೇಳಬೇಕು. ಸಾಹೇಬರಿಗೆ ಒಬ್ಬ ಗೆಳೆಯ, ಸಿಟಿ ಬಸ್ಸಿನ ಡ್ರೈವರು. ಡ್ರೈವರಣ್ಣ ಎಂದರೆ ಊರಿಗೆಲ್ಲ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಹೋಗೋ ಬಾರೋ ಎನ್ನುವಷ್ಟು ಸಲಿಗೆ. ಒಂದು ದುರ್ಬೀನನ್ನು ಇಬ್ಬರೂ ಸೇರಿ ಕೊಂಡು ವಾರ ಬಿಟ್ಟು ವಾರ ಹಂಚಿಕೊಂಡವರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಡ್ರೈವರಣ್ಣ ಒಂದು ಭಾನುವಾರ ಏದುಸಿರು ಬಿಡುತ್ತ ಬಂದು, ಕೆರೆಯ ಆಚೆ ದಡದ ಜೊಂಡಿನಲ್ಲಿ ನೀಲಿಗಂಟಲು ಕಂಡೆ ಎಂದ. ಗುಬ್ಬಿಯಷ್ಟೇ ಇರುವ, ಕಂದು ಬೆನ್ನಿನ, ಗಂಟಲಿಗೆ ನೀಲಿ ಬಳಿದುಕೊಂಡ ಹಕ್ಕಿ ಅದು. ಆ ಸೀಮೆಯಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದರು. ಮರುವರ್ಷದ ವಸಂತ ಕಳೆಯಿತು, ಇನ್ನೊಬ್ಬರ ಕಣ್ಣಿಗೆ ಅದು ಬೀಳಲಿಲ್ಲ. ಕೊನೆಯ ಭಾನುವಾರ ಸಾಹೇಬರು ರಬ್ಬರು ಕೈಗೆತ್ತಿಕೊಂಡರು.

"ಏನೋ, ನಾನು ಸುಳ್ಳುಗಾರನೇನೋ?" ಎಂದು ಡ್ರೈವರಣ್ಣ ಎದ್ದು ನಿಂತ.

"ಸುಳ್ಳು ಅಂದೆನೇನು? ಸಾಕ್ಷಿ ಇಲ್ಲ ಅಂದೆ."

"ದಿನಾ ಅರವತ್ತು ಜನರ ಜೀವ ಈ ಕಣ್ಣಿನ ಮೇಲೆ ಬಿಟ್ಟು ಕೂತ್ಕೋತಾರೆ. ನಿನಗೆ ಮಾತ್ರ ಈ ಕಣ್ಣು ಸಾಲದು, ಅಲ್ವಾ?"

ಸಾಹೇಬರು ಕಡ್ಡಿ ತುಂಡು ಮಾಡಿದಂತೆ, "ಕಟ್ಟಳೆ ಎಲ್ರಿಗೂ ಒಂದೇ" ಎಂದು ಉಜ್ಜಿಯೇ ಬಿಟ್ಟರು. ಅವತ್ತಿನಿಂದ ಇಬ್ಬರ ಮಾತು ನಿಂತಿತು. ಡ್ರೈವರಣ್ಣ ಬೇಕರಿಯ ಕೋಣೆಗೆ ಬರುವುದನ್ನು ಬಿಡಲಿಲ್ಲ, ಆದರೆ ಮೇಜಿನ ಬಳಿ ಕೂರುವುದನ್ನು ಬಿಟ್ಟು ಬಾಗಿಲ ಬಳಿಯ ಮೂಟೆಯ ಮೇಲೆ ಕೂತ. ಎದುರು ಬದುರಾದರೆ ಇಬ್ಬರೂ ರಸ್ತೆ ದಾಟಿಬಿಡುತ್ತಿದ್ದರು. ಅಬ್ಬಬ್ಬಾ, ಗಂಡಸರ ಹಟವೇ! ಒಂದು ಗುಬ್ಬಿ ಗಾತ್ರದ ಹಕ್ಕಿಗೆ ಇಪ್ಪತ್ತೆರಡು ವರ್ಷ.

ಹೋದ ವಸಂತಕ್ಕೆ ಮೊದಲೇ ಸಾಹೇಬರ ಶ್ವಾಸಕೋಶ ಕೈಕೊಟ್ಟಿತ್ತು. ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿಯುವ ಮಾತಿರಲಿ, ಮಂಚದಿಂದ ಕಿಟಕಿಗೆ ಬರುವುದೇ ಪ್ರಯಾಣವಾಗಿತ್ತು. ಆಗ ಟೈಲರಮ್ಮ, ಅದುವರೆಗೆ ಕಾಗೆಗೂ ಕೋಗಿಲೆಗೂ ತಲೆ ಕೆಡಿಸಿಕೊಳ್ಳದವಳು, ಬೆಳಗಾಗುತ್ತಲೇ ದುರ್ಬೀನು ಕೊರಳಿಗೆ ಹಾಕಿಕೊಂಡು ಕೆರೆಯ ಕಡೆ ಹೊರಟಳು. ಬಂದು, "ಹೊಟ್ಟೆ ಹಳದಿ, ಬಾಲ ಮೇಲೆ ಕೆಳಗೆ ಆಡಿಸ್ತಾನೇ ಇರುತ್ತೆ" ಎಂದು ತನಗೆ ತಿಳಿದಂತೆ ಹೇಳುವಳು. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಸಿಪಿಲೆ" ಎಂದು ಹೆಸರಿಡುವರು. ಹೊಲಿಗೆಯವಳ ಕಣ್ಣಲ್ಲವೇ, ಬಣ್ಣ, ಅಂಚು, ಪಟ್ಟಿ ಒಂದೂ ತಪ್ಪುತ್ತಿರಲಿಲ್ಲ. ಭಾನುವಾರ ಪುಸ್ತಕ ಬರೆಯುವ ನರ್ಸಮ್ಮ ಫೋನು ಮಾಡಿ ಒಂದೊಂದು ಹೆಸರಿಗೂ, "ನೋಡಿದ್ದೀರಾ?" ಎಂದು ಕೇಳುವಳು. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ಹೆಂಗಸು, ಅವಳಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. "ನೋಡಿದೀನಿ" ಎಂದರೆ ಬರೆದುಕೊಳ್ಳುವಳು. ಗಂಡ ಹೆಂಡತಿ ಸೇರಿ ಒಂದೇ ಜೊತೆ ಕಣ್ಣು ಎಂದು ಅವಳೇ ತೀರ್ಮಾನ ಕೊಟ್ಟಿದ್ದಳು.

ಒಂದು ವಾರ ಸಾಹೇಬರಿಗೆ ತೀರಾ ಹೆಚ್ಚಾಯಿತು. ಮೂರು ರಾತ್ರಿ ಟೈಲರಮ್ಮ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ನಾಲ್ಕನೆಯ ಬೆಳಿಗ್ಗೆಯೂ ದುರ್ಬೀನು ಹಾಕಿಕೊಂಡು ಹೊರಟಳು. ನೆಲಮಹಡಿಯ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕಾಲು ಸೋತಿತು. ಒಂದು ನಿಮಿಷ ಕೂತು ಏಳೋಣ ಎಂದು ಗೋಡೆಗೆ ತಲೆ ಆನಿಸಿದವಳಿಗೆ ಎಚ್ಚರವಾದಾಗ ಗಂಟೆ ಎಂಟಾಗಿತ್ತು. ಹಾಗೇ ಮೇಲೆ ಹತ್ತಿ ಬಂದಳು.

"ಏನ್ ಕಂಡೆ?" ಸಾಹೇಬರು ಕೇಳಿದರು. ದಿನವಿಡೀ ಅವರು ಕೇಳುತ್ತಿದ್ದುದು ಅದೊಂದೇ ಪ್ರಶ್ನೆ. ಅದಕ್ಕಾಗಿ ದಿಂಬಿಗೊರಗಿ ಕೂತು, ಕನ್ನಡಕ ಹಾಕಿಕೊಂಡು, ತಲೆ ಬಾಚಿಕೊಂಡು ಕಾದಿದ್ದರು.

ಏನೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರ ಹಕ್ಕಿ ಚಿತ್ರಗಳ ಪುಸ್ತಕ ಕೈಗೆತ್ತಿಕೊಂಡರೆ ಯಾವಾಗಲೂ ತಾನಾಗಿ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಧೂಳು ಒರೆಸುವಾಗಲೆಲ್ಲ ನೋಡಿದ ಚಿತ್ರ. ಅದೇ ನಾಲಿಗೆಗೆ ಬಂತು. "ಗುಬ್ಬಿಯಷ್ಟೇ ಇತ್ತು. ಕಂದು. ಹುಬ್ಬು ಮಾತ್ರ ಬೆಳ್ಳಗೆ. ಗಂಟಲಿಂದ ಎದೆವರೆಗೂ ನೀಲಿ, ನೀಲಿ ಮಧ್ಯೆ ಒಂದು ಕೆಂಪು ಬೊಟ್ಟು."

ಸಾಹೇಬರು ದಿಂಬು ಬಿಟ್ಟು ಮುಂದೆ ಬಾಗಿ, "ಬಾಲ? ಬಾಲದ ಬುಡ ಯಾವ ಬಣ್ಣ?" ಎಂದರು.

"ಇಟ್ಟಿಗೆ ಬಣ್ಣ."

"ಎಲ್ಲಿ?"

"ಆಚೆ ದಡದ ಜೊಂಡಿನಲ್ಲಿ."

ಮುಗಿಯಿತು. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಟೈಲರಮ್ಮ ಅವರ ಕಣ್ಣಲ್ಲಿ ನೀರು ಕಂಡವಳಲ್ಲ. ಏನಾಗುತ್ತಿದೆ ಎಂದು ಅರ್ಥವಾಗುವ ಮೊದಲೇ ನರ್ಸಮ್ಮನಿಗೆ ಫೋನು ಹೋಗಿತ್ತು. ನರ್ಸಮ್ಮ, "ಟೈಲರಮ್ಮನಿಗೆ ಕೊಡಿ" ಎಂದಳು. "ನೋಡಿದ್ದೀರಾ?" ಎಂದಳು. ಗಂಡನ ಮುಖ ನೋಡುತ್ತ ಆಕೆ, "ನೋಡಿದೀನಿ" ಎಂದಳು.

ಅದೇ ಸಂಜೆ ಡ್ರೈವರಣ್ಣನಿಗೆ ಹೇಳಿಕಳಿಸಿದರು. ಆ ಮನುಷ್ಯ ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತ. ಟೈಲರಮ್ಮನ ಎದುರಿಗೇ ಸಾಹೇಬರು ಅವನ ಕೈ ಹಿಡಿದುಕೊಂಡು, "ರಬ್ಬರು ಹಿಡಿದ ಕೈ ಕಣೋ ಇದು. ತಪ್ಪಾಯ್ತು. ಆ ಹಕ್ಕಿ ಪುಟ ತೆಗೆದೂ ತೆಗೆದೂ ಪುಸ್ತಕದ ಬೆನ್ನೇ ಮುರಿದುಹೋಗಿದೆ, ನೋಡು" ಎಂದರು. ಡ್ರೈವರಣ್ಣ, "ಬಿಡೋ ಸಾಹೇಬ, ಆಗಿದ್ದಾಯ್ತು" ಎಂದ. ಅಷ್ಟೇ. ಆಮೇಲೆ ಕೊನೆಯವರೆಗೂ, ಅಂದರೆ ಹತ್ತೊಂಬತ್ತು ದಿನ, ಅವನು ದಿನಾ ಬಂದು ಮಂಚದ ಪಕ್ಕ ಕೂತ. ಟೈಲರಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಸಾಯುವವರಿಗೆ ನೆಮ್ಮದಿ ಸಿಕ್ಕಿತಲ್ಲ, ನನ್ನ ಪಾಪ ನನಗಿರಲಿ ಎಂದುಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಟ್ಟಳೆ ಇತ್ತಲ್ಲ! ಸಾಹೇಬರ ಕೊನೆಯ ಹಕ್ಕಿ ಪೆನ್ಸಿಲ್ಲಿನಲ್ಲಿತ್ತು. ಈ ವಸಂತ ಮುಗಿಯುವುದರೊಳಗೆ ಇನ್ನೊಬ್ಬರು ನೋಡದಿದ್ದರೆ ಅದನ್ನೂ ಅಳಿಸಬೇಕು. ಮೊದಲ ಭಾನುವಾರವೇ ಡ್ರೈವರಣ್ಣ ಎದ್ದು, "ಅದಕ್ಕೆ ಶಾಯಿ ಹಾಕಿಸೋದು ನನ್ನ ಜವಾಬ್ದಾರಿ" ಎಂದ. ಫೋಟೋ ಸ್ಟುಡಿಯೋದವನು, "ಅಣ್ಣ, ಆ ಹಕ್ಕಿ ನಿಮ್ಮ ಬಸ್ಸಲ್ಲಿ ಪಾಸ್ ಇಟ್ಕೊಂಡು ಓಡಾಡುತ್ತಾ, ಹೇಳಿದ ಟೈಮಿಗೆ ಬರೋಕೆ?" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ಡ್ರೈವರಣ್ಣನೂ ನಕ್ಕ, ಆದರೆ ಮರುದಿನದಿಂದ ಬೆಳಕು ಹರಿಯುವ ಮೊದಲೇ ಆಚೆ ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ. ಎಪ್ಪತ್ತಮೂರು ವಯಸ್ಸು. ಎರಡು ವರ್ಷದ ಹಿಂದೆ ಹೃದಯಕ್ಕೆ ಶಸ್ತ್ರಚಿಕಿತ್ಸೆ ಆದ ಜೀವ.

ಐದು ಭಾನುವಾರ ಕಳೆದವು. ಬಂದವರು ತಾವು ಕಂಡದ್ದನ್ನು ಹೇಳುವರು. ಬೇಕರಿಯವನ ಸೂರಿನಡಿ ಅಂಬರಗುಬ್ಬಿ ಗೂಡು ಕಟ್ಟಿತ್ತು, ನರ್ಸಮ್ಮ ಆಸ್ಪತ್ರೆಯ ನೀರಿನ ಟ್ಯಾಂಕಿನ ಮೇಲೆ ಗೂಬೆ ಕಂಡಿದ್ದಳು. ಡ್ರೈವರಣ್ಣನ ಸರದಿ ಬಂದರೆ ತಲೆ ಆಡಿಸುವನು. ನಾಲ್ಕನೆಯ ವಾರ ಕೆಮ್ಮು ಬಂತು. ಐದನೆಯ ವಾರ ಕೆಸರಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬಂದ. ಟೈಲರಮ್ಮನಿಗೆ ಗಂಟಲಲ್ಲಿ ಸಿಕ್ಕಿದ್ದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಸೋಮವಾರ ಡ್ರೈವರಣ್ಣನ ಮಗಳು ಹೊಲಿಗೆಗೆ ಬಟ್ಟೆ ಕೊಡುವ ನೆಪದಲ್ಲಿ ಬಂದಳು. ಬಟ್ಟೆಯ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅಳಲು ಶುರುಮಾಡಿದಳು. "ಅತ್ತೆ, ನೀವಾದ್ರೂ ಹೇಳಿ. ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಬೈದು ಕಳಿಸಿದಾರೆ. ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಗೆಳೆಯ ಸಾಯೋ ಮುಂಚೆ ನೋಡಿದ್ದು, ಅದನ್ನ ಅಳಿಸೋಕೆ ಬಿಡಲ್ಲ ಅಂತಾರೆ. ಇನ್ನೂ ಮೂರು ವಾರ ಹೀಗೇ ನಿಂತ್ರೆ ನಮ್ಮಪ್ಪ ಉಳೀತಾರಾ?"

ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಹೇಳಿದರೆ ಗಂಡನ ಕೊನೆಯ ಹಕ್ಕಿ ಹೋಗುತ್ತದೆ. ಅದು ಹೋಗಲಿ ಎನ್ನಬಹುದು. ಆದರೆ ಇಪ್ಪತ್ತೆರಡು ವರ್ಷ ಕಾದು ಆ ಮನುಷ್ಯನಿಗೆ ಸಿಕ್ಕ ಒಂದು ಮಾತು, ತಪ್ಪಾಯ್ತು ಎಂಬ ಮಾತು, ಅದೂ ಸುಳ್ಳಿನ ಮೇಲೆ ನಿಂತದ್ದು ಎಂದಾಗುತ್ತದೆ. ಹೇಳದಿದ್ದರೆ ಅವನೇ ಹೋಗುತ್ತಾನೆ. ಆ ಹುಡುಗಿಯ ಕಣ್ಣೊರೆಸಿ ಕಳಿಸಿದಳು. "ನಾಳೆ ಹೇಳ್ತೀನಿ ಕಣಮ್ಮ" ಎಂದಳು.

ಮರುದಿನ ಮಂಜು ಇನ್ನೂ ನೀರಿನ ಮೇಲಿರುವಾಗಲೇ ಆಚೆ ದಡಕ್ಕೆ ಹೋದಳು. ಡ್ರೈವರಣ್ಣ ಜೊಂಡಿನ ಅಂಚಿನಲ್ಲಿ, ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ದುರ್ಬೀನು ಹಿಡಿದು ನಿಂತಿದ್ದ. ಇವಳನ್ನು ಕಂಡು ಮುಖವರಳಿಸಿ, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ.

"ಮೇಲೆ ಬನ್ನಿ ಅಣ್ಣ" ಎಂದಳು. "ಅಲ್ಲಿ ಏನೂ ಇಲ್ಲ."

"ಶ್! ನಿನ್ನೆ ಏನೋ ಅಲ್ಲಾಡ್ತು ಅತ್ತಿಗೆ."

"ನಾನು ನೋಡಿರಲಿಲ್ಲ. ಅವತ್ತು ನಾನು ಕೆರೆಗೇ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನಿದ್ದೆ ಹೋಗಿದ್ದೆ. ಪುಸ್ತಕದ ಚಿತ್ರ ನೋಡಿ ಹೇಳಿಬಿಟ್ಟೆ." ಒಂದೇ ಉಸಿರಿಗೆ ಹೇಳಿದಳು.

ಡ್ರೈವರಣ್ಣ ನೀರಿನಿಂದ ಮೇಲೆ ಬರಲು ತುಂಬಾ ಹೊತ್ತು ತೆಗೆದುಕೊಂಡ. ದಡದ ಕಲ್ಲಿನ ಮೇಲೆ ಕೂತು ಬೂಟಿನ ನೀರು ಚೆಲ್ಲಿದ.

"ಹಾಗಾದ್ರೆ ಅವನು ತಪ್ಪಾಯ್ತು ಅಂದಿದ್ದು?"

"ನನ್ನ ಮಾತು ನಂಬಿ ಅಂದಿದ್ದು."

"ನಾನು ನೋಡಿದ್ದೆ ಅತ್ತಿಗೆ. ಇದೇ ಜಾಗ. ನಾನು ನಿಜವಾಗ್ಲೂ ನೋಡಿದ್ದೆ."

"ಗೊತ್ತು ಅಣ್ಣ."

"ಏನ್ ಗೊತ್ತು ನಿಮಗೆ?" ಅವನ ದನಿ ಏರಿತು, ಕೆಮ್ಮು ಒತ್ತರಿಸಿ ಬಂತು. "ಯಾರಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಗೊತ್ತಾಯ್ತು ಅಂತ ಒಂದು ವರ್ಷ ಸುಖವಾಗಿದ್ದೆ. ಹೇಳದೆ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀವು ಹೋಗ್ತಿದ್ರಿ."

ಅವನು ಎದ್ದು, ಬೂಟು ಕೈಯಲ್ಲೇ ಹಿಡಿದುಕೊಂಡು, ಬರಿಗಾಲಲ್ಲಿ ರಸ್ತೆಯ ಕಡೆ ನಡೆದ. ಟೈಲರಮ್ಮ ಹಿಂದೆ ಹೋಗಲಿಲ್ಲ. ಹೋಗಿ ಹೇಳಲು ಅವಳ ಬಳಿ ಉಳಿದದ್ದಾದರೂ ಏನು?

ಆ ವಾರ ಅವಳು ಮೂರು ಅಂಗಿಗಳನ್ನು ತಪ್ಪು ಕತ್ತರಿಸಿದಳು. ಗಂಡನ ಫೋಟೋ ಎದುರು ನಿಂತು ಜಗಳವಾಡಿದಳು. "ನಿಮ್ಮ ಕಟ್ಟಳೆಗೆ ಬೆಂಕಿ ಬೀಳ. ಬದುಕಿದ್ದಾಗಲೂ ಅವನನ್ನ ಉರಿಸಿದ್ರಿ, ಸತ್ತ ಮೇಲೂ ಉರಿಸ್ತಿದೀರಿ" ಎಂದಳು. ಆಮೇಲೆ, ಉರಿಸಿದ್ದು ತಾನೇ ಅಲ್ಲವೇ ಎಂದು ಹೊಳೆದು, ಮಿಷನ್ನಿಗೆ ತಲೆ ಇಟ್ಟು ಅತ್ತಳು. ಡ್ರೈವರಣ್ಣ ಕೆರೆಗೆ ಹೋಗುವುದನ್ನು ನಿಲ್ಲಿಸಿದ್ದಾನೆ, ಆದರೆ ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲ ಎಂದು ಮಗಳು ಹೇಳಿಕಳಿಸಿದಳು.

ಭಾನುವಾರ ಬೇಕರಿಯ ಕೋಣೆಯಲ್ಲಿ ಬನ್ನಿನ ತಟ್ಟೆ ಬರುವ ಮೊದಲೇ ಟೈಲರಮ್ಮ ಎದ್ದು ನಿಂತಳು. ಬಾಗಿಲ ಬಳಿಯ ಮೂಟೆ ಖಾಲಿಯಿತ್ತು. ಎಲ್ಲವನ್ನೂ ಹೇಳಿದಳು, ಮೆಟ್ಟಿಲು, ನಿದ್ದೆ, ಚಿತ್ರ, ಫೋನು, ಒಂದೂ ಬಿಡದೆ. ಸ್ಟುಡಿಯೋದವನಿಗೆ ಅವತ್ತು ತಮಾಷೆ ಹೊಳೆಯಲಿಲ್ಲ. ಬೇಕರಿಯವನು, "ಹೋಗ್ಲಿ ಬಿಡಿಯಮ್ಮ, ಯಾರಿಗೆ ತಾನೇ ಏನು ನಷ್ಟ" ಎಂದು ಗೊಣಗಿದ. ನರ್ಸಮ್ಮ ಅವನತ್ತ ನೋಡಲೂ ಇಲ್ಲ. ಪುಸ್ತಕ ತಿರುಗಿಸಿ, ರಬ್ಬರನ್ನು ಟೈಲರಮ್ಮನ ಮುಂದೆ ಸರಿಸಿದಳು.

"ಬರೆಸಿದವರೇ ಅಳಿಸ್ಬೇಕು" ಎಂದಳು. ದನಿ ಮಾತ್ರ ಮೆತ್ತಗಿತ್ತು.

ಟೈಲರಮ್ಮ ಉಜ್ಜಿದಳು. ಪೆನ್ಸಿಲ್ಲು ಒತ್ತಿ ಬರೆದದ್ದು, ಬೇಗ ಹೋಗಲಿಲ್ಲ. ನೀಲಿ ಎಂಬುದು ಹೋಗಿ ಗಂಟಲು ಎಂಬುದು ಉಳಿದಿರುವಾಗ ಬಾಗಿಲು ಸದ್ದಾಯಿತು. ಡ್ರೈವರಣ್ಣ ಬಂದು ನಿಂತಿದ್ದ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಮಗಳ ತೋಳು ಹಿಡಿದುಕೊಂಡು. ಮೂಟೆಯ ಕಡೆ ಹೋಗಲಿಲ್ಲ. ಮೇಜಿನ ಬಳಿಗೆ ಬಂದ.

"ಪೂರ್ತಿ ಅಳಿಸಿ ಅತ್ತಿಗೆ" ಎಂದ. "ನೋಡದೆ ಇದ್ದಿದ್ದು ಅಲ್ಲಿರಬಾರ್ದು. ಅವನಿಗೇ ಅದು ಹಿಡಿಸ್ತಿರಲಿಲ್ಲ."

ಆಕೆ ಅಳಿಸಿದಳು. ಕಣ್ಣು ತುಂಬಿ ಅಕ್ಷರ ಕಾಣದಿದ್ದರೂ ಬಿಡಲಿಲ್ಲ. ರಬ್ಬರಿನ ಪುಡಿಯನ್ನು ನರ್ಸಮ್ಮ ಕೈಯಿಂದಲೇ ಗುಡಿಸಿದಳು.

"ಈಗ ನನ್ನ ಸರದಿ" ಎಂದ ಡ್ರೈವರಣ್ಣ. ನಿಂತೇ ಇದ್ದ. "ವಾರವಿಡೀ ಕೂತು ಯೋಚಿಸ್ದೆ. ಹಕ್ಕಿ ಕಂಡಿತು ಅಂತ ಅವನು ಹೇಳಿಕಳಿಸಿದ, ಸರಿ. ಆದ್ರೆ ಆ ಪುಟ ಇಪ್ಪತ್ತೆರಡು ವರ್ಷ ತೆಗೆದೂ ತೆಗೆದೂ ಪುಸ್ತಕದ ಬೆನ್ನು ಮುರಿದವನು ಯಾರು? ಅದೇನು ಇವರ ಸುಳ್ಳು ಕೇಳಿ ಮುರೀತಾ? ತಪ್ಪಾಯ್ತು ಅನ್ನೋ ಮಾತು ಅವನ ಬಾಯಲ್ಲಿ ಯಾವತ್ತೋ ಇತ್ತು. ಹಟಮಾರಿ ನನ್ಮಗ, ಆಚೆ ಬಿಡೋಕೆ ಅವನಿಗೊಂದು ನೆಪ ಬೇಕಾಗಿತ್ತು." ಮಗಳು ಸ್ಟೂಲು ಎಳೆದಳು, ಅವನು ಕೂರಲಿಲ್ಲ. "ನರ್ಸಮ್ಮ, ಬರ್ಕೊಳ್ಳಿ. ಹೋದ ವಸಂತ, ಅದೇ ದಿನ, ಸಂಜೆ. ಸಾಹೇಬ ನನ್ನ ಕೈ ಹಿಡ್ಕೊಂಡು ತಪ್ಪಾಯ್ತು ಅಂದ. ಅದನ್ನ ನಾನು ನೋಡಿದೀನಿ."

ಒಳಗೆ ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

"ಇದು ಹಕ್ಕಿಗಳ ಪುಸ್ತಕ" ಎಂದಳು ನರ್ಸಮ್ಮ.

"ಗೊತ್ತು."

ನರ್ಸಮ್ಮ ಸಾಹೇಬರ ಖಾಲಿಯಾದ ಸಾಲನ್ನು ನೋಡಿದಳು. ಪೆನ್ಸಿಲ್ಲು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಶಾಯಿಯ ಪೆನ್ನಿನ ಮುಚ್ಚಳ ತೆಗೆದು, ಕನ್ನಡಕದ ಮೇಲಿಂದ ಟೈಲರಮ್ಮನ ಕಡೆ ತಿರುಗಿದಳು.

"ಟೈಲರಮ್ಮ, ಅವತ್ತು ನೀವೂ ಅಲ್ಲೇ ಇದ್ರಲ್ಲ. ನೋಡಿದ್ದೀರಾ?"

ಟೈಲರಮ್ಮ ಡ್ರೈವರಣ್ಣನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ನೋಡಿದೀನಿ" ಎಂದಳು.